ಫೇರ್ ಕಾಪಿಗೆ ಬಾರದ ಸಾಲು

ಕಾರ್ಖಾನೆಯ ಸೈರನ್ ಕೇಳಿದ ಮೇಲೇ ಭದ್ರಾವತಿಯ ಹೆಂಗಸರು ಅನ್ನಕ್ಕಿಡುತ್ತಿದ್ದ ದಿನಗಳವು. ನಾನಾಗ ಏಳನೇ ಕ್ಲಾಸು. ನಿಮ್ಮ ಕ್ಲಾಸಿನಲ್ಲೂ ಒಬ್ಬಳು ಲೀಡರ್ ಇದ್ದಿರಬೇಕು, ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವವಳು. ನಮ್ಮಲ್ಲಿ ಅದು ನಾನು. ಇಂಗ್ಲಿಷ್ ನನಗೂ ಅಷ್ಟಕ್ಕಷ್ಟೇ, ಜಂಬ ಮಾತ್ರ ದಂಡಿಯಾಗಿತ್ತು.

ದಸರಾ ರಜೆ ಮುಗಿದ ಮೇಲೆ ಇಂಗ್ಲಿಷ್ ಮಿಸ್ ಪ್ರಬಂಧ ಬರೆಯುವುದನ್ನು ಹೇಳಿಕೊಟ್ಟರು. ಮೊದಲು ತೋಚಿದ್ದೆಲ್ಲ ರಫ್ ಹಾಳೆಯಲ್ಲಿ ಬರೆಯಬೇಕು. ಆಮೇಲೆ ಒಂದೊಂದೇ ಸಾಲು ಕತ್ತರಿಸಿ, ನೆಲದ ಮೇಲೆ ಹರಡಿ, ಯಾವುದು ಮೊದಲು, ಯಾವುದು ಕೊನೆಗೆ ಅಂತ ಜೋಡಿಸಬೇಕು. ವಿಷಯಕ್ಕೆ ಸೇರದ ಸಾಲನ್ನು ಪಕ್ಕದಲ್ಲಿ ಕೂತವರು ತೆಗೆದುಹಾಕಬೇಕು. ರಾಶಿ ಪುಸ್ತಕ ತಿದ್ದಿ ಸಾಕಾಗಿದ್ದ ಮಿಸ್ ಫೇರ್ ಕಾಪಿ ಮಾತ್ರ ಓದುತ್ತಿದ್ದರು. ನಮಗೋ ಅದೊಂದು ಆಟ. ಗೋಂದು ಯಾರ ಹತ್ತಿರ ಇತ್ತು? ಟಿಫಿನ್ ಡಬ್ಬಿಯ ಅನ್ನದ ಅಗುಳಲ್ಲೇ ಆ ಕಾಗದದ ಪಟ್ಟಿ ಅಂಟಿಸುತ್ತಿದ್ದೆವು. ಪುಸ್ತಕವೆಲ್ಲ ಹುಳಿ ವಾಸನೆ, ಜೊತೆಗೆ ಇರುವೆ.

ನನ್ನ ಪಕ್ಕ ಕೂರುತ್ತಿದ್ದವಳು ಸೆಲ್ವಿ. ಮನೆಮಾತು ತಮಿಳು, ನನ್ನ ಜೊತೆ ಜಗಳ ಮಾತ್ರ ಅಚ್ಚ ಕನ್ನಡದಲ್ಲಿ. ಅವಳಮ್ಮ ನನಗೂ ಸೇರಿಸಿ ಪುಳಿಯೋಗರೆ ಕಳಿಸುತ್ತಿದ್ದರು. ಅವರ ಕ್ವಾರ್ಟರ್ಸಿನ ಹಿಂದೆಯೇ ಚಾನಲ್ಲು, ಗದ್ದೆಗಳಿಗೆ ನೀರು ಹೋಗುವ ದೊಡ್ಡ ಕಾಲುವೆ.

ಅವತ್ತಿನ ವಿಷಯ ‘ನನ್ನ ತಾಯಿ’. ಎಲ್ಲರ ಅಮ್ಮಂದಿರೂ ಬೇಗ ಏಳುತ್ತಿದ್ದರು, ರುಚಿಯಾಗಿ ಅಡುಗೆ ಮಾಡುತ್ತಿದ್ದರು. ಸೆಲ್ವಿಯ ಪಟ್ಟಿಗಳಲ್ಲೂ ಅದೇ ಇತ್ತು. ಒಂದು ಮಾತ್ರ ಬೇರೆ. ತಪ್ಪುತಪ್ಪು ಇಂಗ್ಲಿಷಿನಲ್ಲಿ, ‘ಅಮ್ಮ ದಿನಾ ಸಂಜೆ ಚಾನಲ್ ಹತ್ತಿರ ಹೋಗಿ ಅಳ್ತಾ ನಿಲ್ಲುತ್ತಾಳೆ, ನಾನು ಹೋಗಿ ಮನೆಗೆ ಕರೆದುಕೊಂಡು ಬರುತ್ತೇನೆ’ ಎಂದು ಬರೆದಿದ್ದಳು.

“ಇದು ಎಲ್ಲೂ ಕೂರಲ್ಲ ಕಣೆ,” ಅಂದೆ. ಮೊದಲಿಗಿಟ್ಟು ನೋಡಿದೆ, ನಡುವೆ ಇಟ್ಟು ನೋಡಿದೆ.

“ಇರ್ಲಿ ಬಿಡೆ ಮಾರಾಯ್ತಿ. ಅದು ನಿಜ.”

“ನಿಜ ಆದ್ರೇನು? ಪ್ರಬಂಧದಲ್ಲಿ ಅಮ್ಮನ ಬಗ್ಗೆ ಒಳ್ಳೇದು ಬರೀಬೇಕು.”

ಆ ಪಟ್ಟಿಯನ್ನು ಮುದುರಿ ಬುಟ್ಟಿಗೆ ಹಾಕಿದೆ. ಬದಲಿಗೆ ‘ಸಂಜೆ ಅಮ್ಮ ನನ್ನನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಾಳೆ’ ಅಂತ ನಾನೇ ಬರೆದುಕೊಟ್ಟೆ. ಅವಳು ಬುಟ್ಟಿಯ ಕಡೆ ಒಮ್ಮೆ ನೋಡಿ ಅದನ್ನೇ ಫೇರ್ ಮಾಡಿದಳು. ಮಿಸ್ ಅವಳಿಗೆ ‘ವೆರಿ ಗುಡ್’ ಹಾಕಿದರು. ಅದು ನನ್ನದೇ ಅನ್ನೋ ಹಾಗೆ ಬೀಗಿದೆ.

ಒಂದು ತಿಂಗಳೂ ಆಗಿರಲಿಲ್ಲ. ಸ್ಪೆಷಲ್ ಕ್ಲಾಸ್ ಇದ್ದ ಒಂದು ದಿನ ನಾವಿಬ್ಬರೂ ತಡವಾಗಿ ಮನೆಗೆ ಬಂದೆವು. ಅಷ್ಟರಲ್ಲಿ ಸೆಲ್ವಿಯ ಅಮ್ಮ ಚಾನಲ್ ಪಾಲಾಗಿದ್ದರು.

ಮರುದಿನ ನನ್ನಮ್ಮ ನನ್ನನ್ನೂ ಅವರ ಮನೆಗೆ ಕರೆದುಕೊಂಡು ಹೋದಳು. ಊದುಬತ್ತಿ ವಾಸನೆಗೆ ತಲೆ ಸುತ್ತುತ್ತಿತ್ತು. ಸೆಲ್ವಿ ಅಳುತ್ತಿರಲಿಲ್ಲ. ನನ್ನನ್ನು ಬಾಗಿಲ ಮರೆಗೆ ಎಳೆದು, “ಮನೆ ವಿಷಯ ಹೊರಗೆ ಬಾಯಿ ಬಿಡ್ಬೇಡ ಅಂದಿದ್ರು ಅಪ್ಪ. ಅದಕ್ಕೇ ಬರೆದಿದ್ದೆ ಕಣೆ. ಮಿಸ್ ಓದಿದ್ರೆ ಏನಾದ್ರೂ ಮಾಡ್ತಿದ್ರು,” ಅಂದಳು. ಕೋಪದಿಂದ ಅನ್ನಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವಳ ಅಜ್ಜಿ ಬಂದು ಅವಳನ್ನು ಸೇಲಂ ಕಡೆ ಕರೆದುಕೊಂಡು ಹೋದರು. ಈಗ ಆ ಕ್ವಾರ್ಟರ್ಸಿನ ಸಾಲೇ ಖಾಲಿ, ಕಿಟಕಿಗಳನ್ನೂ ಕಿತ್ತುಕೊಂಡು ಹೋಗಿದ್ದಾರೆ. ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ ಇಂಗ್ಲಿಷ್ ಟೀಚರ್. ಮಕ್ಕಳ ರಫ್ ಹಾಳೆಗಳನ್ನೆಲ್ಲ ಮನೆಗೆ ಹೊತ್ತುಕೊಂಡು ಬರ್ತೀನಿ. “ನಿಮಗೇನು ಹುಚ್ಚಾ ಮೇಡಂ?” ಅಂತ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ. ಪ್ರತಿ ಹಾಳೆಯನ್ನೂ ಕೊನೆಯ ಸಾಲಿನವರೆಗೆ ಓದಿಯೇ ತಿರುಗಿಸುತ್ತೇನೆ.

ಆ ಸಾಲಿನ ಕಥೆಯನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ನನ್ನ ಅಮ್ಮನಿಗೂ. ಸೆಲ್ವಿ ಅದನ್ನು ಮಿಸ್ ಓದಲಿ ಅಂತ ಬರೆದಿದ್ದಳು. ಓದಿದವಳು ನಾನೊಬ್ಬಳೇ.