ಮೊದಲ ಸಲ ಇಳಿಯಲಿಲ್ಲ

ಇವತ್ತು ಬೆಳಿಗ್ಗೆ ಕೊಂಡಾಪುರದ ಬಂಕಿನಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ ಎರಡು ಹನಿ ಕೈಮೇಲೆ ಬಿತ್ತು. ಬೇರೆಯವರಾದರೆ ಒರೆಸಿಕೊಳ್ಳುತ್ತಾರೆ, ನಾನು ಮೂಸಿ ನೋಡುತ್ತಾ ನಿಂತೆ. ಹಿಂದಿದ್ದ ಆಟೋದವನು "ಚಲೋ ಭಾಯ್" ಎಂದು ಹಾರ್ನ್ ಒತ್ತಿದ. ಆ ವಾಸನೆ ನನ್ನನ್ನು ಆರು ವರ್ಷ ಹಿಂದಕ್ಕೆ, ಊರಾಚೆಯ ಒಂದು ಸಣ್ಣ ರನ್‌ವೇಗೆ ಕರೆದೊಯ್ದಿತ್ತೆಂದು ಪಾಪ, ಅವನಿಗೇನು ಗೊತ್ತು!

ನಾನು ಅಬಿಡ್ಸ್‌ನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ವಿಮಾನ ಹೇಗೆ ಹಾರುತ್ತದೆಂದು ಹದಿನೆಂಟು ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದವನಿಗೆ, ನಲವತ್ತಮೂರರಲ್ಲಿ, ಒಮ್ಮೆ ಹಾರಿಸಿಯೇ ನೋಡಬೇಕೆನಿಸಿತು. ಕಾರಿಗೆಂದು ಕೂಡಿಟ್ಟದ್ದು ಅದಕ್ಕೇ ಹೋಯಿತು. ನಾನಿನ್ನೂ ಸ್ಕೂಟರಿನಲ್ಲಿರುವ ರಹಸ್ಯ ಇದೇ.

ನನ್ನ ಹೆಂಡತಿ ಸುನಂದಾ ಕಲಬುರಗಿಯವಳು. ಸುದ್ದಿ ಕೇಳಿ, "ಸ್ಕೂಟರಿಗೆ ಸ್ಟ್ಯಾಂಡ್ ಹಾಕೂದ ಮರೀತೀರಿ. ಆಕಾಶದಾಗ ಇನ್ನೇನೇನ್ ಮರೀತೀರೋ!" ಎಂದಳು. ಅವಳು ಹೇಳಿದ್ದು ನಿಜವಾಗಿತ್ತು.

ಕಲಿಸುತ್ತಿದ್ದವರು ದೇಸಾಯಿ ಸರ್. ಬೀದರ ಕಡೆಯವರು, ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸಿ ನಿವೃತ್ತರಾದವರು. ಹಾರುವ ಮೊದಲು ರೆಕ್ಕೆಯ ಟ್ಯಾಂಕಿನಿಂದ ಚೂರು ಪೆಟ್ರೋಲನ್ನು ಗಾಜಿನ ನಳಿಕೆಗೆ ಬಸಿದು, ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿಸುತ್ತಿದ್ದರು. ಒಂದು ದಿನ ನಾನು ಉದಾಸೀನದಿಂದ, "ನಿನ್ನೆ ತಾನೇ ನೋಡಿದ್ದೆವಲ್ಲ ಸರ್" ಎಂದೆ. ಅವರು ವಿಮಾನದ ಕೀಲಿ ಜೇಬಿಗಿಳಿಸಿದರು.

"ನಿನ್ನಿದು ನಿನ್ನಿಗಾತು. ಮನಿಗೆ ಹೋಗ್ರಿ ಮಾಸ್ತರ."

ವಿದ್ಯಾರ್ಥಿಗಳನ್ನು ತರಗತಿಯಿಂದ ಹೊರಗೆ ಕಳಿಸಿ ಅಭ್ಯಾಸವಿದ್ದ ನನಗೆ ಹೊರಗೆ ಹೋಗುವುದು ಹೇಗಿರುತ್ತದೆಂದು ಅಂದು ತಿಳಿಯಿತು.

ಚಳಿಗಾಲದ ಒಂದು ಬೆಳಿಗ್ಗೆ ಸುನಂದಾ ನೋಡಲು ತಾನೂ ಬರುತ್ತೇನೆಂದು ಹೊರಟಳು. ಅದೇ ದಿನ, ಮೂರು ಸುತ್ತು ನನ್ನೊಂದಿಗೆ ಹಾರಿದ ದೇಸಾಯಿ ಸರ್ ವಿಮಾನದಿಂದ ಇಳಿದುಬಿಟ್ಟರು. "ನೀವೊಬ್ಬರ ಒಂದ್ ಸುತ್ತ ಹೊಡದ್ ಬರ್ರಿ. ಸರಿ ಅನಸಲಿಲ್ಲಂದ್ರ ಇಳೀಬ್ಯಾಡ್ರಿ. ನೆಲ ಎಲ್ಲೂ ಓಡಿ ಹೋಗಂಗಿಲ್ಲ."

ಏರಿದ್ದು ಸಲೀಸಾಯಿತು. ತೊಂದರೆಯಾದದ್ದು ಇಳಿಯುವಾಗ. ಭಯಕ್ಕೆ ವೇಗ ಹೆಚ್ಚೇ ಇಟ್ಟುಕೊಂಡಿದ್ದೆ. ವಿಮಾನ ನೆಲದಿಂದ ಮೊಳದಷ್ಟು ಮೇಲೆ ತೇಲುತ್ತಲೇ ಹೋಯಿತು. ಅರ್ಧ ರನ್‌ವೇ ಮುಗಿದಿತ್ತು. ಅದರ ತುದಿಗೆ ಬೇಲಿ, ಆಚೆ ಬಂಡೆಗಲ್ಲುಗಳು. ಹೆಂಡತಿ ನೋಡುತ್ತಿದ್ದಾಳೆ, ಹೇಗಾದರೂ ಒತ್ತಿ ಇಳಿಸಿಬಿಡೋಣ ಎಂಬ ಹಟ ಒಂದು ಕ್ಷಣ ಬಂದದ್ದನ್ನು ನಿಮ್ಮಿಂದೇಕೆ ಮುಚ್ಚಿಡಲಿ? ಆದರೆ ಕೈ ಎಂಜಿನಿನ ಹಿಡಿಯನ್ನು ಪೂರ್ತಿ ಮುಂದಕ್ಕೆ ದೂಡಿತು. ವಿಮಾನ ಗರ್ಜಿಸುತ್ತಾ ಮತ್ತೆ ಮೇಲೆದ್ದಿತು. ಬೇಲಿ, ಬಂಡೆ ಎಲ್ಲವೂ ಕೆಳಗೆ ಸರಿದವು.

ಎರಡನೆಯ ಸುತ್ತಿನಲ್ಲಿ ವೇಗವನ್ನು ಬಾಯಿಬಿಟ್ಟು ಓದಿಕೊಳ್ಳುತ್ತಾ ಬಂದೆ. ಚಕ್ರ ಒಮ್ಮೆ ಪುಟಿದು ನೆಲ ಹಿಡಿಯಿತು. ಎಂಜಿನ್ ನಿಲ್ಲಿಸಿ, ಇಳಿದು ದೇಸಾಯಿ ಸರ್ ಬಳಿಗೆ ಹೋದೆ.

"ಮೊದಲನೆಯದು ತಪ್ಪಾಯಿತು ಸರ್" ಎಂದೆ.

"ತಪ್ಪಾಗಿದ್ದು ವೇಗ. ಮ್ಯಾಲೆದ್ದಿದ್ದು ತಪ್ಪಲ್ಲ." ಆಮೇಲೆ ದನಿ ತಗ್ಗಿಸಿ, "ನನ್ನ ಜೋಡಿ ಕಲತಾಂವ ಒಬ್ಬ, ಮಂದಿ ನೋಡಾಕತ್ತಾರಂತ ನಾಚಿಕಿಪಟ್ಟು ಇಳಿಸಿದ. ಅಂವ ಈಗಿಲ್ಲ" ಎಂದರು.

ಸುನಂದಾ ರನ್‌ವೇ ಪಕ್ಕದ ಬೇಲಿಯ ಬಳಿ ನೆಲದ ಮೇಲೇ ಕೂತಿದ್ದಳು. ನನ್ನ ತೋಳಿಗೊಂದು ಹೊಡೆದು, ಅತ್ತು, ನಗತೊಡಗಿದಳು. "ಎದಿ ನಿಂತಂಗಾಗಿತ್ತರೀ. ನೀವು ಮ್ಯಾಲ ಹೋದ್ರಲ್ಲ, ಆವಾಗ ಉಸಿರು ಬಂತು." ನಾನು ಸೋತೆನೆಂದುಕೊಂಡ ಗಳಿಗೆಯಲ್ಲಿ ಅವಳಿಗೆ ಉಸಿರು ಬಂದಿತ್ತು! ಆ ಮಾತಿನಿಂದ ನನ್ನ ಎದೆಯೂ ಹಗುರಾಯಿತು.

ಮುಂದೆ ಲೈಸೆನ್ಸ್ ಬಂತು. ಸುನಂದಾ ಮಾತ್ರ ಒಂದು ದಿನವೂ ವಿಮಾನ ಹತ್ತಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಇವತ್ತು ಮನೆಗೆ ಬಂದಾಗ ಸೊಪ್ಪು ಸೋಸುತ್ತಾ ತಾನಾಗಿಯೇ ಕೇಳಿದಳು: "ಐತವಾರ ಹಾರಾಕ ಹೋಗ್ತೀರೇನು? ನಾನೂ ಬರ್ತೀನಿ."

ಹಾರುವ ಮೊದಲು ಕೂರುವವರೆಲ್ಲರ ತೂಕ ಬರೆದು ಲೆಕ್ಕ ಹಾಕಬೇಕು. ಮದುವೆಯಾಗಿ ಇಪ್ಪತ್ತೊಂದು ವರ್ಷ, ಇವಳ ತೂಕ ನನಗೆ ತಿಳಿಯದು. ಡಾಕ್ಟರಿಗೂ ಎರಡು ಕಿಲೋ ಇಳಿಸಿಯೇ ಹೇಳುವವಳು. ಕಾಗದ ಹಿಡಿದು ಹಿಂಜರಿಯುತ್ತಾ ವಿಷಯ ತಿಳಿಸಿದೆ.

ಸುನಂದಾ ಎದ್ದುಹೋಗಿ ಬಾಗಿಲು ಹಾಕಿ ಬಂದಳು.

"ಎಪ್ಪತ್ತೆರಡು," ಎಂದಳು. "ಖರೇನ ಐತಿ, ಬರಕೋರಿ."