ತಲೆಗೆ ಇಳಿಯದ ಪೇಟ

ವಿದೇಶದಲ್ಲಿರುವ ನಮ್ಮ ಕನ್ನಡ ಸಂಘದ ಸಾಮಾನುಗಳೆಲ್ಲ ಬ್ರ್ಯಾಂಪ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿವೆ. ಕಳೆದ ವಾರ ಅಲ್ಲಿನ ಪೆಟ್ಟಿಗೆಗಳನ್ನು ತೆರೆಯುವಾಗ ಒಂದು ಮೈಸೂರು ಪೇಟ ಸಿಕ್ಕಿತು. ಜರಿ ಮಂಕಾಗಿತ್ತು, ಹಿಂಬದಿಯ ಹೊಲಿಗೆ ಬಿಚ್ಚಿತ್ತು. ಆ ಹೊಲಿಗೆ ಬಿಚ್ಚಿದ ದಿನ ನಾನು ಅಲ್ಲಿದ್ದೆ...

ಅಂದು ಅದನ್ನು ತೊಡಿಸಹೊರಟದ್ದು ನಮ್ಮ ಎದುರು ಮನೆಯ ಹುಡುಗನಿಗೆ. ಅವನ ತಾಯಿ ಹುಬ್ಬಳ್ಳಿಯವರು. ಚೆಂಡನ್ನು ಎದೆಗವಚಿಕೊಂಡು ಓಡುವ ಇಲ್ಲಿನ ಫುಟ್‌ಬಾಲಿನಲ್ಲಿ, ನಮ್ಮವರ ಮಕ್ಕಳ ಪೈಕಿ ಕಾಲೇಜು ತಂಡ ಸೇರಿ ಹೆಸರು ಮಾಡಿದ ಮೊದಲಿಗ. ಆ ಆಟದ ನಿಯಮ ನಮಗ್ಯಾರಿಗೂ ಗೊತ್ತಿರಲಿಲ್ಲ. ಆದರೂ ರಾಜ್ಯೋತ್ಸವಕ್ಕೆ ಕರೆದು ಸನ್ಮಾನ ಮಾಡಿದೆವು. ಪೇಟ ತಲೆಗೆ ಇಳಿಯಲಿಲ್ಲ. ಅಧ್ಯಕ್ಷರು ಒತ್ತಿದರು.

“ಏನಪ್ಪಾ ಇದು, ತಲೆನೋ ಕುಂಬಳಕಾಯಿನೋ?”

“ನನ್ನ ಹೆಲ್ಮೆಟ್ಟೂ ಸ್ಪೆಷಲ್ ಆರ್ಡರ್, ಅಂಕಲ್!”

ಸಭೆಯೆಲ್ಲ ನಕ್ಕಿತು. ಶಾಲು ಅವನ ಜೊತೆ ಹೋಯಿತು. ಹರಿದ ಪೇಟ ಪೆಟ್ಟಿಗೆಗೆ ಮರಳಿತು.

ಓದು ಮುಗಿದ ಮೇಲೆ ಅವನು ತನ್ನದಲ್ಲದ ದೇಶವೊಂದರ ಪರವಾಗಿ ಹೋರಾಡಲು ಹೋದ. ಮರುವರ್ಷದ ಚಳಿಗಾಲದಲ್ಲಿ ಅಲ್ಲಿಯೇ ಸತ್ತ. ಸುದ್ದಿಮನೆಯಲ್ಲಿ ಪ್ರಶ್ನೆ ಕೇಳುವುದೇ ನನ್ನ ಕೆಲಸ. ಅವನೇಕೆ ಹೋದ ಎಂದು ಎದುರು ಮನೆಯಲ್ಲಿ ನಾನು ಕೇಳಲಿಲ್ಲ...

ಯುಗಾದಿ ಕಾರ್ಯಕ್ರಮಕ್ಕೆ ಮೊದಲು ತಾಯಿ ಅಧ್ಯಕ್ಷರಲ್ಲಿ ಬೇಡಿದ್ದು ಒಂದೇ.

“ಮೌನ ಆಚರಿಸೋ ಮುಂದ ನನ್ನ ಮಗನ ಹೆಸರೂ ಒಂದ್ ಸಲ ಹೇಳ್ರಿ.”

ಅಧ್ಯಕ್ಷರು ಆಗಲಿ ಎಂದರು. ತಾಯಿ ಅತ್ತ ಹೋದ ಮೇಲೆ ಸಮಿತಿಯವರತ್ತ ತಿರುಗಿ, “ಅದೇನು ನಮ್ಮ ಯುದ್ಧ ಅಲ್ಲವಲ್ಲ. ಸುಮ್ಮನೆ ಕಾಂಟ್ರವರ್ಸಿ ಯಾಕೆ?” ಎಂದರು. ಸಮಿತಿಯಲ್ಲಿ ನಾನೂ ಇದ್ದೆ. ಯಾರೂ ಎದುರಾಡಲಿಲ್ಲ.

ಅಂದು ವೇದಿಕೆಯಿಂದ ಓದಿದ್ದು ಬೆಂಗಳೂರಿನಲ್ಲಿ ತೀರಿಕೊಂಡ ಒಬ್ಬ ಚಿತ್ರನಟರ ಹೆಸರು ಮಾತ್ರ. ಅವರನ್ನು ನಮ್ಮಲ್ಲಿ ಯಾರೂ ಮುಖತಃ ಕಂಡಿರಲಿಲ್ಲ. ಮೌನ ಮುಗಿದು ಎಲ್ಲರೂ ಕುಳಿತರು. ಎರಡನೆಯ ಸಾಲಿನಲ್ಲಿ ತಾಯಿ ಮಾತ್ರ, ಇನ್ನೊಂದು ಹೆಸರು ಬಾಕಿ ಇದೆ ಎಂಬಂತೆ, ನಿಂತೇ ಇದ್ದರು. ಅಷ್ಟರಲ್ಲಿ ಮಕ್ಕಳ ಕೋಲಾಟದ ಹಾಡು ಶುರುವಾಯಿತು...

ಪೇಟ ಸಿಕ್ಕ ಸಂಜೆ ಆ ತಾಯಿಗೆ ಫೋನ್ ಮಾಡಿದೆ. ಈಗ ಮಾರ್ಕಮ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಸಂಘದ ಸಂಚಿಕೆಯಲ್ಲಿ ಅವನ ಬಗ್ಗೆ ಬರೆಯುತ್ತೇನೆ, ಹೆಸರು ಹಾಕಬಹುದೇ ಎಂದು ಕೇಳಿದೆ.

“ಬರೀರಿ ಅಣ್ಣಾರ. ಹೆಸರು ಅವತ್ತು ಬೇಕಾಗಿತ್ತು. ಈಗ ಬ್ಯಾಡ.”

ಆದ್ದರಿಂದ ಇಲ್ಲಿ ಅವನ ಹೆಸರಿಲ್ಲ. ಅವರ ಈ ಒಂದು ಮಾತನ್ನಾದರೂ ನಡೆಸಿಕೊಡಬೇಕು.