ಬಂದವರ ಮುಂದೆ ಬಡತನ

ನಗರದ ಬಡ ಶಾಲಾಮಕ್ಕಳಿಗೆ ದಾನದ ಹಣ ಹಂಚುವ ಪುಟ್ಟ ಸಂಸ್ಥೆಯೊಂದರಲ್ಲಿ ನನ್ನದು ಕೊಡುವವರಿಗೂ ಪಡೆಯುವವರಿಗೂ ನಡುವೆ ನಿಂತು ಮಾತಾಡುವ ಕೆಲಸ. ಕಾಚಿಗೂಡದ ಕನ್ನಡ ಮನೆಯಲ್ಲಿ ಬೆಳೆದವಳು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದವಳು. ಅಷ್ಟು ಸಾಕು ಎಂದುಕೊಂಡು ಅವರು ಸೇರಿಸಿಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ಜೂನಿನಲ್ಲಿ ಜೀಡಿಮೆಟ್ಲಾದ ಒಂದು ತಗಡಿನ ಮನೆಗೆ ಹೋದೆವು. ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ತಾಯಿ, ಹತ್ತನೇ ತರಗತಿಗೆ ಬಂದ ಮಗಳು, ಇನ್ನೂ ನಡೆಯಲು ಕಲಿಯುತ್ತಿರುವ ಮಗ. ಅನುದಾನ ಸಿಕ್ಕರೆ ಕೂಸು ಶಿಶುವಿಹಾರಕ್ಕೆ, ಹುಡುಗಿ ಶಾಲೆಗೆ. ಸಿಗದಿದ್ದರೆ ಅವಳು ಶಾಲೆ ಬಿಟ್ಟು ಕೂಸನ್ನು ನೋಡಿಕೊಳ್ಳಬೇಕು. ಓದು ನಿಲ್ಲುವ ಅಂಚಿಗೆ ಬಂದ ಇಂಥ ಮಕ್ಕಳಿಗೆಂದೇ ಆ ಹಣ ಇದ್ದದ್ದು. ವಾದಿಸಲು ಏನಿದೆ ಎಂದುಕೊಂಡೇ ಒಳಗೆ ಕಾಲಿಟ್ಟೆ.

ಒಳಗೆ ಹೊಸ ಕುರ್ಚಿಗಳು, ಕೂಲರ್, ಗಾಜಿನ ಲೋಟಗಳಲ್ಲಿ ಶರಬತ್ತು, ತಟ್ಟೆಯಲ್ಲಿ ಗೋಡಂಬಿ. ತಾಯಿಯ ಮೈಮೇಲೆ ಜರಿಯ ಸೀರೆ. ದೊಡ್ಡವರು ಬರುತ್ತಾರೆಂದು ಓಣಿಯೆಲ್ಲ ಸೇರಿ ಹೊಂದಿಸಿತ್ತು. ಕೂಲರಿನ ವೈರು ಬಾಗಿಲು ದಾಟಿ ಎದುರು ಮನೆಗೆ ಹೋಗಿದ್ದು ನನಗೆ ಕಾಣುತ್ತಿತ್ತು.

ನನ್ನ ಜೊತೆ ಪರಿಶೀಲನೆಗೆ ಬಂದಿದ್ದ ಹಿರಿಯರು ಕೆಟ್ಟವರಲ್ಲ. ಮನೆಯಲ್ಲಿ ಏನು ತೊಂದರೆ ಎಂದು ಹಿಂದಿಯಲ್ಲಿ ಮೆತ್ತಗೆ ಕೇಳಿದರು. ನಾನು ಅದನ್ನೇ ಕನ್ನಡದಲ್ಲಿ ಕೇಳಿದೆ.

"ತ್ರಾಸು? ಏನೂ ಇಲ್ರಿ. ದೇವರು ಭಾಳ ಚಲೋ ಇಟ್ಟಾನ. ಮೊದಲ ಶರಬತ್ತು ಕುಡೀಲಿಕ್ಕೆ ಹೇಳ್ರಿ ಅವರಿಗೆ."

"ಯಕ್ಕಾ, ಖರೇ ಹೇಳ್ರಿ. ಇವರು ಕೊಡೋರು."

"ಕೊಡೋರಾದ್ರ ಏನಾತು? ಮನಿಗೆ ಬಂದಾರಲ್ಲ."

ನಾನು ಹಿರಿಯರ ಕಡೆ ತಿರುಗಿ, ಇವೆಲ್ಲ ನೆರೆಯವರ ಸಾಮಾನು ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ. ಕಟ್ಟಡದ ಸೈಟಿನಲ್ಲಿ ಕಲಿತ ಹಿಂದಿ ತಾಯಿಗೆ ಅಷ್ಟು ತಿಳಿಯಲು ಸಾಕಿತ್ತು.

"ಸಬ್ ಹಮಾರಾಚ್ ಹೈ, ಸಾಬ್!" ಎಲ್ಲ ತಮ್ಮದೇ ಎಂದಳು.

"ಹೌದ್ರಿ, ಅವರದಽ," ಎಂದಳು ಬಾಗಿಲಲ್ಲಿ ನಿಂತಿದ್ದ ಕೂಲರಿನ ಒಡತಿ.

ಕಾರಿನಲ್ಲಿ ಹಿರಿಯರು ಕೇಳಿದರು: ತಾಯಿಯೇ ತೊಂದರೆ ಇಲ್ಲ ಅನ್ನುವಾಗ ನಿನ್ನ ಮಾತನ್ನು ಹೇಗೆ ನಂಬಲಿ? ನಾವು ಹುಡುಕುತ್ತಿರುವುದು ಓದು ನಿಲ್ಲುವ ಮಕ್ಕಳನ್ನೋ, ಅತ್ತು ತೋರಿಸಬಲ್ಲ ತಾಯಂದಿರನ್ನೋ ಎಂದು ನಾನು ತಿರುಗಿ ಕೇಳಿದೆ. "ಚೆನ್ನಾಗಿ ಮಾತಾಡ್ತೀಯ, ಬೇಟಾ," ಅಂದರು. ಹಣ ಬೇರೆ ಮನೆಗೆ ಹೋಯಿತು. ಆ ಮನೆಯ ಹುಡುಗನಿಗೂ ಅದು ಬೇಕೇ ಇತ್ತು.

ಸುದ್ದಿ ಹೇಳಲು ನಾನೇ ಹೋದೆ. ತಾಯಿ ಬೈಯಲಿಲ್ಲ, ಚಹಾಕ್ಕಿಟ್ಟಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಹುಡುಗಿ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅಕ್ಕಾ, ನೀವು ಚರ್ಚಾದಾಗ ಕಪ್ ಗೆದ್ದೀರಂತಲ್ರಿ. ಇಲ್ಲ್ಯಾಕ ಸೋತ್ರಿ?"

"ಅಲ್ಲಿ ನಿಮ್ಮವ್ವ ಎದುರಿಗಿರಲಿಲ್ಲವ್ವಾ."

ತಾಯಿ ನಕ್ಕಳು. ಹುಡುಗಿ ನಗಲಿಲ್ಲ. ಸೋಮವಾರದಿಂದ ಕೂಸನ್ನು ಕರೆದುಕೊಂಡು ಅವ್ವನ ಜೊತೆ ತಾನೂ ಸೈಟಿಗೆ ಹೋಗುವುದಾಗಿ ಹೇಳಿದಳು. ಕೂಸನ್ನು ಮಲಗಿಸಲು ಮೇಸ್ತ್ರಿ ಸಿಮೆಂಟ್ ಚೀಲಗಳ ಹಿಂದೆ ನೆರಳಿರುವ ಜಾಗ ತೋರಿಸಿದ್ದಾನಂತೆ.